ಊರಿನ ಹಳೇ ಕಟ್ಟಡ, ಹಳೇ ಅಂಗಡಿಗಳ ನೆನಪು ಬರೆದಿಡೋದು ಹೆಂಗೆ

ಹಳೇ ಟಾಕೀಸು ಒಡೆದು ಹಾಕಿದ್ರು, ಮೂಲೆ ಫೋಟೋ ಸ್ಟುಡಿಯೋ ಬಾಗಿಲು ಹಾಕಿದ್ರು ಅಂದಾಗ್ಲೇ ಎಲ್ರಿಗೂ ಹೊಳೆಯೋದು, ಅಯ್ಯೋ ಯಾರಾದ್ರೂ ಇದನ್ನೆಲ್ಲ ಬರೆದಿಟ್ಟಿದ್ರೆ ಚೆನ್ನಾಗಿತ್ತಲ್ವಾ ಅಂತ. ಆ "ಯಾರಾದ್ರೂ" ನೀವೇ ಆಗ್ಬಹುದು. ಒಂದು ಫೋನು, ನಾಲ್ಕು ಬಿಳಿ ಹಾಳೆ, ಒಂದು ಪೆನ್ಸಿಲ್ಲು, ಮಧ್ಯ ಬಾಯಿ ಹಾಕದೆ ಕೂತು ಕೇಳೋ ತಾಳ್ಮೆ ಇದ್ರೆ ಸಾಕು, ಕೊನೇದೇ ಸ್ವಲ್ಪ ಕಷ್ಟ. ನಾನು ಹಿರಿಯರನ್ನ ಹಿಡ್ಕೊಂಡು ಇದನ್ನ ಮಾಡ್ತಾ ಮಾಡಬಾರದ ತಪ್ಪೆಲ್ಲ ಮಾಡಿದ್ದೀನಿ, ಅದ್ರಿಂದ ಕಲ್ತಿದ್ದನ್ನ ಹೇಳ್ತೀನಿ.

ಮೊದಲ್ನೇದು, "ಆ ಅಂಗಡಿ ಹೆಂಗಿತ್ತು ತಾತ" ಅಂತ ಶುರು ಮಾಡ್ಬೇಡಿ. "ಏ, ಆ ಕಾಲವೇ ಬೇರೆ ಬಿಡಪ್ಪ" ಅಂತಾರೆ, ಅಲ್ಲಿಗೆ ಮುಗೀತು. ಬದ್ಲು ಬಾಗ್ಲು ಯಾವ ಕಡೆಗಿತ್ತು, ಎಷ್ಟು ಮೆಟ್ಲು, ಗಲ್ಲಾಪೆಟ್ಟಿಗೆ ಎಲ್ಲಿತ್ತು, ಸೈಕಲ್ ಎಲ್ಲಿ ನಿಲ್ಲಿಸ್ತಿದ್ರಿ, ಬೋರ್ಡ್ ಮೇಲಿನ ಅಕ್ಷರ ಯಾವ ಬಣ್ಣ, ಇಂಥವು ಕೇಳಿ. ಒಬ್ಬ ತಾತನ್ನ ಒಂದು ಬಟ್ಟೆ ಅಂಗಡಿ ಬಗ್ಗೆ ಕೇಳಿದಾಗ ಹತ್ತು ನಿಮಿಷ ಬರೀ "ಒಳ್ಳೆ ಅಂಗಡಿ, ಒಳ್ಳೆ ಜನ" ಅಂತಿದ್ರು, ಮೆಟ್ಲು ಎಷ್ಟಿತ್ತು ಅಂದಿದ್ದೇ ತಡ ಕಣ್ಮುಚ್ಚಿಕೊಂಡ್ರು. ಮೂರು, ಮೂರನೇದು ಒಂಚೂರು ಎತ್ರ, ಹೊಸಬರೆಲ್ಲ ಅಲ್ಲೇ ಎಡವೋರು, ಎಡವಿದ್ರೆ ಗಲ್ಲಾದಲ್ಲಿ ಕೂತಿದ್ದ ಯಜಮಾನ ಲೆಕ್ಕದ ಪುಸ್ತಕದಿಂದ ತಲೇನೇ ಎತ್ತದೆ "ನಿಧಾನ" ಅನ್ನೋನು. ಅದಾದ್ಮೇಲೆ ಒಂದು ಗಂಟೆ ನಾನು ಬಾಯೇ ಬಿಡಲಿಲ್ಲ, ಬಿಡೋ ಅಗತ್ಯಾನೂ ಬರಲಿಲ್ಲ.

ಇನ್ನು ಹಾಳೆ. ಮಧ್ಯದಲ್ಲಿ ಎರಡು ಗೆರೆ ಎಳೆದು ಇದು ರಸ್ತೆ ಅಂತ ಹೇಳಿ ಪೆನ್ಸಿಲ್ ಅವ್ರ ಕೈಗೇ ಕೊಟ್ಬಿಡಿ, ಈ ತುದಿಯಿಂದ ಆ ತುದಿಗೆ ನಡ್ಕೊಂಡು ಹೋಗ್ತಿದ್ದೀರಿ ಅಂದ್ಕೊಂಡು ಒಂದೊಂದೇ ಅಂಗಡಿ ಬರೀರಿ ಅನ್ನಿ. ಇಲ್ಲೊಂದು ಹುಷಾರು: ಯಾವ ಕಡೆಯಿಂದ ನಡೀತಿದ್ದಾರೆ ಅಂತ ಮೊದ್ಲೇ ಬರ್ಕೊಳಿ. ಒಂದ್ಸಲ ಅಣ್ಣ ತಮ್ಮ ಇಬ್ರೂ ವಾಚ್ ರಿಪೇರಿ ಅಂಗಡಿ ಬಲಗಡೆ ಇತ್ತಾ ಎಡಗಡೆ ಇತ್ತಾ ಅಂತ ನನ್ನೆದುರೇ ಜಗಳಕ್ಕೆ ಬಿದ್ರು, ಆಮೇಲೆ ನೋಡಿದ್ರೆ ಅಣ್ಣ ಮನೆಯಿಂದ ಹೊರಟಿದ್ರು, ತಮ್ಮ ಸ್ಕೂಲಿಂದ ವಾಪಸ್ ಬರ್ತಿದ್ರು, ಇಬ್ರು ಹೇಳಿದ್ದೂ ಸರಿ.

ಇಸವಿ ನೇರವಾಗಿ ಕೇಳಿದ್ರೆ ಸಾಮಾನ್ಯವಾಗಿ ಅಂದಾಜಿಗೆ ಒಂದು ಹೇಳ್ತಾರೆ, ಆಮೇಲೆ ಅದನ್ನೇ ಹಿಡ್ಕೊಂಡು ಕೂರ್ತಾರೆ. ಅವ್ರ ಜೀವನದ ಘಟನೆಗೆ ಕಟ್ಟಿ ಕೇಳಿ, ನಿಮ್ಮ ಮದುವೆಗೆ ಮುಂಚೆನಾ ಆಮೇಲಾ, ಮಗಳು ಸ್ಕೂಲಿಗೆ ಸೇರಿದಾಗ ಅದು ಇತ್ತಾ. ಹಿಂಗೆ ಎರಡು ಕಡೆಯಿಂದ ಒತ್ತುತ್ತಾ ಬಂದ್ರೆ "ಈ ವರ್ಷಕ್ಕಿಂತ ಮೇಲೆ, ಆ ವರ್ಷಕ್ಕಿಂತ ಕೆಳಗೆ" ಅಂತ ಒಂದು ಅವಧಿ ಸಿಗುತ್ತೆ, ಅಷ್ಟು ಸಾಕು. ಹಳೇ ಟೆಲಿಫೋನ್ ಡೈರೆಕ್ಟರಿ, ಪೇಪರಿನ ಜಾಹೀರಾತು, ಸ್ಕೂಲಿನ ವಾರ್ಷಿಕ ಸಂಚಿಕೆಯ ಹಿಂದಿನ ಪುಟಗಳಲ್ಲಿ ಬರೋ ಅಂಗಡಿ ಜಾಹೀರಾತು, ಇವೆಲ್ಲ ತಾಳೆ ನೋಡೋಕೆ. ಫೋಟೋ ಸಿಕ್ರೆ ಮೊದ್ಲು ಗೋಡೆ ಮೇಲಿನ ಸಿನಿಮಾ ಪೋಸ್ಟರ್ ನೋಡಿ, ಆ ಸಿನಿಮಾ ಬಿಡುಗಡೆ ಆಗೋ ಹೊತ್ತಿಗಿಂತ ತುಂಬಾ ಹಿಂದೆ ಆ ಫೋಟೋ ತೆಗೆದಿರೋಕೆ ಆಗಲ್ಲ. ಬೋರ್ಡ್ ಮೇಲೆ ಫೋನ್ ನಂಬರ್ ಇದ್ರೆ ಎಷ್ಟು ಅಂಕಿ ಅಂತ ಎಣಿಸಿ, ಕಾಲ ಹೋದಂಗೆ ನಂಬರ್ ಉದ್ದ ಆಗ್ತಾ ಬಂದಿರೋದ್ರಿಂದ ಅದೂ ಒಂದು ಸುಳಿವು. ನೆಗೆಟಿವ್ ತಿರುವು ಮುರುವಾಗಿ ಪ್ರಿಂಟ್ ಆಗಿರೋದೂ ಉಂಟು, ಅಕ್ಷರ ಕಾಣ್ತಿದ್ರೆ ತಕ್ಷಣ ಗೊತ್ತಾಗುತ್ತೆ, ಇಲ್ದಿದ್ರೆ ಅಂಗಿಯ ಗುಂಡಿ ಯಾವ ಕಡೆ ಇದೆ ನೋಡಿ, ಗಂಡಸರ ಅಂಗಿಯಲ್ಲಿ ಸಾಮಾನ್ಯವಾಗಿ ಹಾಕ್ಕೊಂಡವರ ಬಲಗಡೆ ಇರುತ್ತೆ.

ಈಗ ಮುಖ್ಯವಾದ ವಿಷ್ಯ. ದಾಖಲೆ ಒಂದು ಹೇಳುತ್ತೆ, ಅವರು ಇನ್ನೊಂದು ಹೇಳ್ತಾರೆ, ಆಗ ಏನ್ ಮಾಡೋದು? ನಾನು ಶುರುವಲ್ಲಿ ಬುದ್ಧಿವಂತಿಕೆ ತೋರ್ಸೋಕೆ ಹೋಗಿ ಒಬ್ಬ ಅಂಕಲ್ ಮುಂದೆ ಪೇಪರ್ ಕಟಿಂಗ್ ಇಟ್ಟು "ನೀವು ಹೇಳಿದ್ದು ತಪ್ಪು, ನೋಡಿ ಇಲ್ಲಿ" ಅಂದ್ಬಿಟ್ಟೆ. "ಹಂಗಾದ್ರೆ ಅದ್ರಲ್ಲೇ ಓದ್ಕೋ" ಅಂದ್ರು. ಸರಿಯಾಗೇ ಅಂದ್ರು ಬಿಡಿ. ಇಟಲಿಯಲ್ಲಿ ತೆರ್ನಿ ಅಂತ ಒಂದು ಸ್ಟೀಲ್ ಫ್ಯಾಕ್ಟರಿ ಊರು, ಅಲ್ಲಿ ಲುಯಿಜಿ ತ್ರಾಸ್ತುಲ್ಲಿ ಅನ್ನೋ ಕಾರ್ಮಿಕ 1949ರ ಮಾರ್ಚಲ್ಲಿ ನೇಟೋ ಅನ್ನೋ ಮಿಲಿಟರಿ ಕೂಟದ ಒಪ್ಪಂದದ ವಿರುದ್ಧದ ಪ್ರತಿಭಟನೆ ಹೊತ್ತಲ್ಲಿ ಪೊಲೀಸರ ಗುಂಡಿಗೆ ಸತ್ತ. ಅಲೆಸ್ಸಾಂಡ್ರೊ ಪೋರ್ತೆಲ್ಲಿ ಅನ್ನೋ ಸಂಶೋಧಕರು ಎಷ್ಟೋ ವರ್ಷ ಆದ್ಮೇಲೆ ಹೋಗಿ ಕೇಳಿದ್ರೆ ತುಂಬಾ ಜನ ಅವ್ನು ಸತ್ತಿದ್ದು 1953ರಲ್ಲಿ, ಫ್ಯಾಕ್ಟರಿಯಿಂದ ಸಾವಿರಾರು ಜನರನ್ನ ಕೆಲಸದಿಂದ ತೆಗೆದಾಗ ನಡೆದ ಗಲಾಟೆಯಲ್ಲಿ ಅಂತ ಹೇಳ್ತಿದ್ರು. ಪೋರ್ತೆಲ್ಲಿ ಅದನ್ನ ತಪ್ಪು ಅಂತ ಪಕ್ಕಕ್ಕೆ ಎಸೀಲಿಲ್ಲ, ಊರಿಗೆ ನಿಜವಾಗ್ಲೂ ನೋವಾಗಿದ್ದು ಕೆಲಸ ಹೋದಾಗ, ಅದಕ್ಕೇ ಸಾವೂ ಅಲ್ಲಿಗೆ ಸರಿದಿದೆ ಅಂತ ಅದ್ರೊಳಗಿನ ಅರ್ಥ ಹುಡುಕಿದ್ರು. ಹಂಗಾಗಿ ನೀವು ಎರಡು ಕಾಲಂ ಮಾಡ್ಕೊಳಿ, ಒಂದ್ರಲ್ಲಿ ದಾಖಲೆ ಹೇಳೋದು, ಇನ್ನೊಂದ್ರಲ್ಲಿ ಜನ ಹೇಳೋದು, ಒಂದನ್ನ ನೋಡಿ ಇನ್ನೊಂದನ್ನ ತಿದ್ದೋಕೆ ಹೋಗ್ಬೇಡಿ.

ಅಭಿಪ್ರಾಯಕ್ಕೂ ಬೇರೆ ಜಾಗ ಕೊಡಿ, ಪಕ್ಕದಲ್ಲಿ ಹೇಳಿದವರ ವಯಸ್ಸು ಮತ್ತು ಯಾವಾಗ ಹೇಳಿದ್ರು ಅನ್ನೋದನ್ನ ಬರೀರಿ. ವಯಸ್ಸಾದವರಿಗೆ ತಮ್ಮ ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಜಾಸ್ತಿ ಉಳಿದಿರ್ತವೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡೋರು ಹೇಳ್ತಾರೆ, ಹಂಗಾಗಿ "ಊರು ಚೆನ್ನಾಗಿದ್ದ ಕಾಲ" ಅನ್ನೋದು ಎಷ್ಟೋ ಸಲ ಹೇಳೋರು ಚೆನ್ನಾಗಿದ್ದ ಕಾಲ. ಕಟ್ಟಡದ ಮೇಲಿನ ಅಭಿಪ್ರಾಯಾನೂ ತಿರುಗುತ್ತೆ. ಐಫೆಲ್ ಟವರ್ ಕಟ್ಟೋಕೆ ಶುರು ಮಾಡಿದ 1887ರಲ್ಲಿ ಪ್ಯಾರಿಸ್ಸಿನ ದೊಡ್ಡ ದೊಡ್ಡ ಕಲಾವಿದರು, ಬರಹಗಾರರು ಇದು ಊರಿನ ಅಂದ ಕೆಡಿಸುತ್ತೆ ಅಂತ ಪೇಪರಲ್ಲಿ ಪ್ರತಿಭಟನೆ ಪತ್ರ ಹಾಕ್ಸಿದ್ರು, ಈಗ ಅದನ್ನ ತೆಗೀತೀವಿ ಅಂದ್ ನೋಡಿ! ಇವತ್ತು ಎಲ್ರೂ ಬೈಯ್ಯೋ ಗಾಜಿನ ಕಟ್ಟಡದ ಬಗ್ಗೆನೂ ಈಗ್ಲೇ ಬರೆದಿಡಿ.

ಯಾರನ್ನ ಕೇಳೋದು ಅಂದ್ರೆ, ಎಲ್ರೂ ಓಡೋದು ಮಾಲೀಕರ ಹತ್ರ. ಹೋಗಿ, ತಪ್ಪಿಲ್ಲ, ಆದ್ರೆ ಅವ್ರು ಬೋರ್ಡಲ್ಲಿ ಬರ್ಸೋ ಇತಿಹಾಸಾನೇ ಹೇಳ್ತಾರೆ. ಪೋಸ್ಟ್‌ಮ್ಯಾನ್, ಟಿಕೆಟ್ ಹರೀತಿದ್ದೋರು, ವಾಚ್‌ಮ್ಯಾನ್, ಕಸ ಗುಡಿಸ್ತಿದ್ದೋರು, ಇವ್ರಿಗೆ ಹಿಂದಿನ ಬಾಗಿಲು ಗೊತ್ತು. ಒಂದು ಪ್ರಶ್ನೆ ಮಾತ್ರ ಬಿಡಲೇಬೇಡಿ: ಅಲ್ಲಿಗೆ ಯಾರು ಬರ್ತಿರಲಿಲ್ಲ? ಒಬ್ಬ ಅಜ್ಜಿ ಒಂದು ಕಟ್ಟಡದ ಮುಂದೆನೇ ಮೂವತ್ತು ವರ್ಷ ಓಡಾಡಿದ್ರಂತೆ, ಒಳಗೆ ಹೆಂಗಿದೆ ಅಂತ ಫೋಟೋದಲ್ಲಿ ನೋಡಿದ್ದು ನಾನು ತೋರಿಸಿದಾಗ್ಲೇ.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಒಪ್ಪಿಗೆ ಕೇಳಿ, ಒಪ್ಪಿಗೇನೂ ರೆಕಾರ್ಡ್ ಮಾಡಿ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಮೇಜಿನ ಮೇಲೆ ಮಡಿಚಿದ ಬಟ್ಟೆ ಹಾಕಿ ಅದ್ರ ಮೇಲೆ ಇಡಿ. ಫ್ಯಾನ್ ಆಫ್ ಮಾಡ್ಸಿ, ಸೆಕೆ ಆದ್ರೂ ಪರ್ವಾಗಿಲ್ಲ, ನನ್ನತ್ರ ಒಂದೂವರೆ ಗಂಟೆ ಫ್ಯಾನ್ ಮಾತಾಡಿರೋ ಫೈಲ್ ಇದೆ, ಹಿಂದೆ ಎಲ್ಲೋ ಒಬ್ರು ಮೇಷ್ಟ್ರು ಕೇಳಿಸ್ತಾರೆ. ಮನೆಗೆ ಬಂದ ದಿನಾನೇ ಮೂರು ಕಾಪಿ, ಎರಡು ಬೇರೆ ಬೇರೆ ತರದ ಜಾಗದಲ್ಲಿ, ಅದ್ರಲ್ಲಿ ಒಂದು ಮನೆಯಿಂದ ಹೊರಗೆ. ಫೈಲ್ ಹೆಸರಲ್ಲಿ ಮೊದ್ಲು ವರ್ಷ, ಆಮೇಲೆ ತಿಂಗಳು, ದಿನ ಹಾಕಿದ್ರೆ ತಾನಾಗೇ ಸಾಲಾಗಿ ಕೂರ್ತವೆ.

ಮಾತಿನ ಮಧ್ಯ "ಅವ್ನು ತಕ್ಕಡೀಲಿ ಮೋಸ ಮಾಡ್ತಿದ್ದ", "ಬೆಂಕಿ ಬಿದ್ದಿದ್ದಲ್ಲ, ಹಾಕಿದ್ದು" ಅಂತೆಲ್ಲ ಬಂದೇ ಬರುತ್ತೆ. ಇಂಥದ್ದನ್ನ ಅಳಿಸ್ಬೇಡಿ, ಆದ್ರೆ ಹೆಸರಿಟ್ಟು ಹಂಚೋಕೂ ಹೋಗ್ಬೇಡಿ, ಆ ಮನೆಯವ್ರು ಇನ್ನೂ ಅದೇ ಬೀದಿಯಲ್ಲಿರ್ತಾರೆ. ಹೇಳಿದವರನ್ನೂ ಒಂದು ವಾರ ಬಿಟ್ಟು ಮತ್ತೆ ಕೇಳಿ, ಆವತ್ತು ಆವೇಶದಲ್ಲಿ ಹೇಳಿರ್ತಾರೆ.

ಎಲ್ಲ ಬರೆದಾದ್ಮೇಲೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಪಕ್ಕದಲ್ಲಿ ಒಳ್ಳೆ ಅಗಲದ ಖಾಲಿ ಜಾಗ ಬಿಟ್ಟು, ಒಂದು ಪೆನ್ನಿನ ಸಮೇತ ಅವರಿಗೆ ಕೊಟ್ಟು ಬನ್ನಿ. ಎರಡು ವಾರ ಬಿಟ್ಟು ಹೋದ್ರೆ ಆ ಖಾಲಿ ಜಾಗ ತುಂಬಿರುತ್ತೆ. ಬಟ್ಟೆ ಅಂಗಡಿ ತಾತ ಒಂದೇ ಒಂದು ತಿದ್ದುಪಡಿ ಮಾಡಿದ್ರು, "ಮೂರು ಮೆಟ್ಟಿಲು" ಅನ್ನೋದನ್ನ ಹೊಡೆದು ಹಾಕಿ ನಾಲ್ಕು ಅಂತ ಬರೆದಿದ್ರು.