ಕಡಗದ ಹಿಂಬದಿ: ನವಾಹೋ ಬೆಳ್ಳಿಯನ್ನು ಹರಾಜಿನಲ್ಲಿ ಕೊಂಡ ನನ್ನ ಅನುಭವ

ಕೆಲಸದ ನಿಮಿತ್ತ ಅಮೆರಿಕದ ನ್ಯೂ ಮೆಕ್ಸಿಕೋಗೆ ಬಂದು ನೆಲೆಸಿದ ಮೇಲೆ ನನಗೆ ಅಂಟಿಕೊಂಡ ದುಬಾರಿ ಹವ್ಯಾಸವೆಂದರೆ ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ಬೆಳ್ಳಿ ಮತ್ತು ಟರ್ಕಾಯಿಸ್ ಒಡವೆಗಳನ್ನು ಹರಾಜಿನಲ್ಲಿ ಕೊಳ್ಳುವುದು. ಟರ್ಕಾಯಿಸ್ ಎಂದರೆ ನಮ್ಮಲ್ಲಿ ಫಿರೋಜಾ ಎನ್ನುವ, ಹಸಿರು ಬೆರೆತ ನೀಲಿ ಕಲ್ಲು.

ಮೊದಲ ಕಡಗವನ್ನು ಫೋಟೋ ನೋಡಿಯೇ ಕೊಂಡೆ. ಕ್ಯಾಟಲಾಗಿನಲ್ಲಿ ಅದನ್ನು ‘ಹಳೆಯ ಗಿರವಿ ಮಾಲು’ ಎಂದು ವರ್ಣಿಸಿದ್ದರು. ಆ ಮಾತಿಗೆ ಅಲ್ಲಿ ಬೆಲೆಯಿದೆ. ಪಕ್ಕದ ಅರಿಜೋನಾ ರಾಜ್ಯದ ಗನಾಡೋ ಊರಿನಲ್ಲಿ 1878ರಿಂದ ನಡೆದುಬಂದಿರುವ ಹಬ್ಬೆಲ್ ಟ್ರೇಡಿಂಗ್ ಪೋಸ್ಟ್‌ನಂಥ ಅಂಗಡಿಗಳಲ್ಲಿ ನವಾಹೋ ಕುಟುಂಬಗಳು ಒಡವೆಯನ್ನು ಒತ್ತೆಯಿಟ್ಟು ಹಿಟ್ಟು, ಕಾಫಿ, ಸಕ್ಕರೆ ಒಯ್ದು, ಉಣ್ಣೆ ಮಾರಿದ ಮೇಲೆ ಬಿಡಿಸಿಕೊಳ್ಳುತ್ತಿದ್ದವು. ಬಿಡಿಸಿಕೊಳ್ಳದೆ ಉಳಿದದ್ದು ಮಾರಾಟಕ್ಕೆ ಬರುತ್ತಿತ್ತು. ಗಿರವಿ ಮಾಲೆಂದರೆ ಅವರು ತಾವೇ ತೊಡಲೆಂದು ಮಾಡಿಸಿಕೊಂಡ ಭಾರವಾದ ಒಡವೆ. 1899ರ ಸುಮಾರಿನಿಂದ, ರೈಲು ಮಾರ್ಗದುದ್ದಕ್ಕೂ ಹೋಟೆಲ್ ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ ರೈಲು ಪ್ರವಾಸಿಗರಿಗೆಂದು ಮಾಡಿಸಿದ ಹಗುರ ಸರಕಲ್ಲ ಎಂಬುದೇ ಕೊಳ್ಳುವವರ ನಂಬಿಕೆ.

ನಾನು ಕೂಗಿದ್ದು 400 ಡಾಲರ್, ಹರಾಜಿನವರ ಶೇ. 25 ಕಮಿಷನ್ ಸೇರಿ 500 ಆಯಿತು. ಕಡಗ ಕೈಗೆ ಬಂದ ದಿನ ಭೂತಗನ್ನಡಿ ಹಿಡಿದು ನೋಡಿದರೆ, ಕಲ್ಲನ್ನು ಹಿಡಿದ ಬೆಳ್ಳಿಯ ಅಂಚು ಗರಗಸದ ಹಲ್ಲಿನಂತೆ ಒಂದೇ ಅಳತೆಯಲ್ಲಿ ಕತ್ತರಿಸಿದ ರೆಡಿಮೇಡ್ ಪಟ್ಟಿಯಾಗಿತ್ತು. ದುಡ್ಡು ಹೇಗೂ ಹೋಗಿದೆ ಎಂದುಕೊಂಡು ಸೂಜಿಯನ್ನು ಕೆಂಪಗೆ ಕಾಯಿಸಿ ಕಲ್ಲಿನ ಅಂಚಿಗೆ ಮುಟ್ಟಿಸಿದೆ. ಸೂಜಿ ಬೆಣ್ಣೆಗೆ ಇಳಿದಂತೆ ಇಳಿಯಿತು, ಅಡುಗೆಮನೆಯ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ. ‘ಇದ್ದದ್ದು ಇದ್ದಂತೆ’ ಎಂಬ ಷರತ್ತಿಗೆ ನಾನೇ ಒಪ್ಪಿದ್ದರಿಂದ ಹರಾಜಿನವರು ಹಣ ಹಿಂದಿರುಗಿಸಲಿಲ್ಲ. ಮೂಲನಿವಾಸಿಗಳು ಮಾಡಿದ್ದೆಂದು ಸುಳ್ಳು ಹೇಳಿ ಮಾರುವುದನ್ನು ಅಪರಾಧವಾಗಿಸುವ 1990ರ ಕಾಯ್ದೆಯೂ 1935ರ ನಂತರ ತಯಾರಾದ ಒಡವೆಗಳಿಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕೂ ಹಳೆಯದನ್ನು ಕೊಳ್ಳುವವನಿಗೆ ಅವನ ಕಣ್ಣೇ ಗತಿ.

ಅಂದಿನಿಂದ ಹರಾಜಿಗೆ ಮುಂಚಿನ ವೀಕ್ಷಣೆಯ ದಿನ ತಪ್ಪದೆ ಹೋಗಿ, ಒಡವೆಯನ್ನು ಮೊದಲು ಮಗುಚಿ ಹಿಡಿಯುತ್ತೇನೆ. ಮುಂಬದಿಯನ್ನು ಮಾರುವವನು ಸಿಂಗರಿಸಿರುತ್ತಾನೆ, ಹಿಂಬದಿಯನ್ನು ಸಾಮಾನ್ಯವಾಗಿ ಮರೆತಿರುತ್ತಾನೆ. ಆರಂಭದ ಅಕ್ಕಸಾಲಿಗರು ಅಮೆರಿಕದ ಮತ್ತು ಮೆಕ್ಸಿಕೋದ ನಾಣ್ಯಗಳನ್ನು ಕರಗಿಸಿ, ಗಟ್ಟಿಯನ್ನು ಸುತ್ತಿಗೆಯಿಂದ ಬಡಿದು ತಗಡು ಮಾಡುತ್ತಿದ್ದುದರಿಂದ, ಹಳೆಯ ಕಡಗದ ದಪ್ಪ ಬೆರಳಿಗೆ ಸಮನಾಗಿ ಸಿಗುವುದಿಲ್ಲ. ಯಂತ್ರದ ತಗಡು ಎಲ್ಲೆಡೆ ಒಂದೇ ದಪ್ಪ. 1890ರದ್ದೆಂದು ಹೇಳುವ ಕಡಗದ ಒಳಗೆ ‘ಸ್ಟರ್ಲಿಂಗ್’ ಎಂಬ, ಬೆಳ್ಳಿಯ ಶುದ್ಧತೆ ಸಾರುವ ಠಸ್ಸೆ ಕಂಡರೆ ನಾನು ಅದನ್ನು ಅಲ್ಲೇ ಕೆಳಗಿಡುತ್ತೇನೆ, ಆ ಕಾಲದ ನವಾಹೋ ಅಕ್ಕಸಾಲಿಗರು ಅದನ್ನು ಒತ್ತುತ್ತಿರಲಿಲ್ಲ. ಅಕ್ಕಸಾಲಿಗನ ಗುರುತು ಇಲ್ಲದಿರುವುದು ಮಾತ್ರ ದೋಷವಲ್ಲ, ಹಳಬರಲ್ಲಿ ಬಹುತೇಕರು ಗುರುತು ಒತ್ತುತ್ತಲೇ ಇರಲಿಲ್ಲ. ಇನ್ನು ಕಲ್ಲು ಇಂಥ ಗಣಿಯದು ಎಂಬ ಮಾತಿಗೆ ನಾನು ಒಂದು ಡಾಲರ್ ಕೂಡ ಹೆಚ್ಚು ಕೊಡುವುದಿಲ್ಲ.

ಎರಡನೆಯ ಕಡಗ ಸಿಕ್ಕಿದ್ದು ಹೀಗೆ ನೋಡುತ್ತಿದ್ದಾಗಲೇ. ಅದರ ಒಂಟಿ ಕಲ್ಲು ಹಸಿರಾಗಿತ್ತು, ‘ಮೂಲ ಕಲ್ಲು ತೆಗೆದು ಬೇರೆಯದನ್ನು ಕೂರಿಸಿರಬಹುದು’ ಎಂದು ಕ್ಯಾಟಲಾಗಿನಲ್ಲಿ ಬರೆದಿತ್ತು. ಭೂತಗನ್ನಡಿಯಲ್ಲಿ ಮಾತ್ರ ಬೆಳ್ಳಿಯ ಅಂಚೂ ಕಲ್ಲಿನ ಭುಜವೂ ಒಂದೇ ಇಳಿಜಾರಿನಲ್ಲಿ, ಬಹುಕಾಲ ಜೊತೆಯಾಗಿ ಸವೆದಂತೆ ಕಂಡವು. ಅಂಚನ್ನು ಎಬ್ಬಿಸಿ ಮತ್ತೆ ಒತ್ತಿದ ಗೆರೆ ಎಲ್ಲೂ ಇರಲಿಲ್ಲ. ಟರ್ಕಾಯಿಸ್ ಮೈಯ ಎಣ್ಣೆಯನ್ನು ಹೀರಿ ವರ್ಷಗಳಲ್ಲಿ ಹಸಿರಿಗೆ ತಿರುಗುವ ಕಲ್ಲು. ನೀಲಿ ಬೇಕೆನ್ನುವವರು ಹಿಂದೆ ಸರಿದಿದ್ದರಿಂದ ಅದು ನನಗೆ 450 ಡಾಲರಿಗೆ ನಿಂತಿತು, ಕಮಿಷನ್ ಸೇರಿ 562.50. ಕಮಿಷನ್ ಸೇರಿಸಿ 600 ದಾಟಬಾರದು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ.

ಅದರ ಒಳಮೈ ಮಣಿಕಟ್ಟಿನ ಎಲುಬು ತಾಗುವ ಜಾಗದಲ್ಲಿ ಮಾತ್ರ ಹೊಳೆಯುತ್ತದೆ, ಠಸ್ಸೆಯೊತ್ತಿ ಮೂಡಿಸಿದ ಚಿತ್ತಾರದ ಗುಳಿಗಳಲ್ಲಿ ಕಪ್ಪು ಹಾಗೆಯೇ ಕುಳಿತಿದೆ. ವಿಡಿಯೋ ಕಾಲ್‌ನಲ್ಲಿ ಅದನ್ನು ಕಂಡ ಅಮ್ಮ, “ವಿಭೂತಿ ಹಾಕಿ ಉಜ್ಜೋ, ಬೆಳ್ಳಗಾಗತ್ತೆ” ಎಂದು ಎರಡು ಸಲ ಹೇಳಿದ್ದಾಳೆ. ಆ ಕಪ್ಪು ಹೋದರೆ ಬೆಲೆಯೂ ಅರ್ಧ ಹೋದಂತೆ ಎಂದು ಅವಳಿಗೆ ಇನ್ನೂ ಹೇಳಿಲ್ಲ.