ಬೋಣಿ ನಮ್ಮದು: ಮೈಸೂರಿನ ಬೆಳಗಿನ ನಡಿಗೆ ಕೈಹಿಡಿದ ಬಗೆ

ದೊಡ್ಡ ಗಡಿಯಾರದಿಂದ ದೇವರಾಜ ಮಾರುಕಟ್ಟೆಗೆ ಹತ್ತು ನಿಮಿಷದ ದಾರಿಯೂ ಇಲ್ಲ. ಅಷ್ಟನ್ನೇ ಪ್ರವಾಸಿಗರಿಗೆ ತೋರಿಸುತ್ತಾ ತಿನ್ನಿಸುತ್ತಾ ಮೂರು ಗಂಟೆ ನಡೆಸಿ, ತಲೆಗೆ ಒಂಬೈನೂರು ರೂಪಾಯಿ ತಗೊಳ್ತೀನಿ ಅಂದಾಗ ನಮ್ಮ ಗೈಡುಗಳ ಬಳಗವೇ ನಂಬಲಿಲ್ಲ. "ಬಂದೋರು ಅರಮನೆ, ಝೂ, ಬೆಟ್ಟ ನೋಡಿ ಬಸ್ ಹತ್ತೋ ಜನ. ಆರೂವರೆಗೆ ಯಾರ್ರೀ ಎದ್ದು ಬರ್ತಾರೆ?" ಈಗ ಶನಿವಾರ, ಭಾನುವಾರ ಎರಡೂ ದಿನ ಭರ್ತಿ. ಕೇಳಿದವರೇ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಎಲ್ಲರಂತೆ ಸಂಜೆ ನಡೆಸಿದೆ. ಸಯ್ಯಾಜಿರಾವ್ ರಸ್ತೆಯ ಹಾರನ್ ನಡುವೆ ನನ್ನ ಮಾತು ಹಿಂದಿನವರಿಗೆ ಮುಟ್ಟುತ್ತಿರಲಿಲ್ಲ. ಭಾನುವಾರ ಅರಮನೆಯ ದೀಪ ಹತ್ತಿದರೆ ಮುಗಿಯಿತು, ಅರ್ಧ ಗುಂಪು ಅತ್ತ. ತಲೆಗೊಂದು ಮಸಾಲೆದೋಸೆ ಕೊಡಿಸಿದರೆ ಎರಡನೇ ಅಂಗಡಿಗೇ ಹೊಟ್ಟೆ ಭಾರವಾಗಿ ಕಾಲೆಳೆಯುತ್ತಿದ್ದರು. ಆಗ ತಗೊಳ್ಳುತ್ತಿದ್ದದ್ದು ಆರುನೂರು, ಅದರಲ್ಲಿ ತಿಂಡಿಗೇ ಮುನ್ನೂರರ ಹತ್ತಿರ. ಮೈಲಾರಿ ದೋಸೆಗೆಂದು ಆಟೋ ಹಿಡಿದು ನಜರ್‌ಬಾದಿಗೂ ಕರೆದೊಯ್ದು ನೋಡಿದೆ. ದೋಸೆ ಬೆಣ್ಣೆಯಂಥದ್ದೇ, ಆದರೆ ಆಟೋ ಇಳಿದವರು ಮತ್ತೆ ನಡೆಯಲು ಒಪ್ಪಲಿಲ್ಲ. ಇದರ ಮೇಲೆ ಒಂದು ಏಜೆನ್ಸಿ ಕಮಿಷನ್ ಮುರಿದುಕೊಂಡು, ಉಳಿದ ದುಡ್ಡಿಗೆ ತಿಂಗಳುಗಟ್ಟಲೆ ಅಲೆಸಿತು. ಆ ವರ್ಷ ಕೈಬಿಟ್ಟದ್ದು ಸುಮಾರು ನಲವತ್ತು ಸಾವಿರ.

ದಾರಿ ತೋರಿಸಿದ್ದು ಮಾರುಕಟ್ಟೆಯ ಹೂವಿನ ಅಕ್ಕ. "ಎಲ್ಲಾ ಫೋಟೊ ಹೊಡ್ಕೊಂಡ್ ಹೋಯ್ತಾರೆ ಕಣಣ್ಣ, ಬೋಣಿ ಯಾರ್ ಮಾಡ್ತಾರೆ?" ಅಂದರು. ಅಲ್ಲಿಂದ ಮುಂದೆ ಬೆಳಗಿನ ಬೋಣಿ ನನ್ನ ಗುಂಪಿನದು, ಅದೂ ಚೌಕಾಸಿ ಇಲ್ಲದೆ. ಮೊಣಕೈಯಿಂದ ಬೆರಳ ತುದಿಗೆ ಮಲ್ಲಿಗೆ ಎಳೆದು ಮೊಳ ಹಾಕಿ, ನಾಲ್ಕು ಬೆರಳು ಕೊಸರು ಬಿಟ್ಟು, ದಾರವನ್ನು ಹಲ್ಲಲ್ಲಿ ಕಡಿದು ಕೊಡುತ್ತಾರೆ. ಆ ನಾಲ್ಕು ಬೆರಳನ್ನು ನೋಡಿದವರು ಮತ್ತೊಬ್ಬರನ್ನು ಕರೆತಂದೇ ತರುತ್ತಾರೆ. ಅಂಗಡಿಯವರಿಂದ ನಾನು ಕಮಿಷನ್ ಮುಟ್ಟುವುದಿಲ್ಲ. ಅದಕ್ಕೇ ಬೇರೆಯವರನ್ನು ಓಡಿಸುವ ಕಡೆಯಲ್ಲೂ ನಮಗೆ ಮಣೆ.

ತಿನ್ನಿಸುವ ಕ್ರಮವನ್ನೂ ತಿರುಗಿಸಿದೆ. ಮೊದಲ ಗಂಟೆ ಬೈಟು ಕಾಫಿ ಅಷ್ಟೇ. ಗಡಿಯಾರದ ಕೆಳಗೆ ಗಂಟೆ ಎಷ್ಟೆಂದು ಕೇಳುತ್ತೇನೆ. ಕನ್ನಡ ಅಂಕಿ ಕಂಡು ಮಕ್ಕಳು ತಡವರಿಸುತ್ತವೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು ಎಂದು ಆಗ ಹೇಳಿದರೆ ತಲೆಯಲ್ಲಿ ಕೂರುತ್ತದೆ. ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರಲ್ಲಿ ಮಾರುಕಟ್ಟೆಯ ಉತ್ತರದ ಕಡೆಯೂ ಬಿತ್ತು. ಇದನ್ನು ನುಂಗಿಕೊಂಡು ಬರೀ ವೈಭವ ಹೇಳುವ ಗೈಡುಗಳನ್ನು ಕಂಡರೆ ನನಗೆ ಸಿಟ್ಟು.

ಮಾರುಕಟ್ಟೆಯೊಳಗೆ ಕಣ್ಣು ಮುಚ್ಚಿಸಿ ಏಲಕ್ಕಿಬಾಳೆ, ಪಚ್ಚಬಾಳೆ, ಸಿಕ್ಕಿದರೆ ನಂಜನಗೂಡು ರಸಬಾಳೆ ತಿನ್ನಿಸುತ್ತೇನೆ. ರಸಬಾಳೆಯನ್ನು ಗುರುತಿಸುವವರು ಹೆಚ್ಚಾಗಿ ಅಜ್ಜಿಯರು. ಚಿಗುರೆಲೆಗೆ ಸುಣ್ಣ ಸವರಿ, ಸವರದೆ, ಎರಡು ಬಗೆಯಲ್ಲೂ ಮೆಲ್ಲಿಸಿದೆ. ಹೊಸಬರಿಗೆ ಸುಣ್ಣ ಬೇಡವೇ ಬೇಡ, ನಾಲಿಗೆ ಸುಟ್ಟರೆ ಮುಂದಿನ ರುಚಿಯೆಲ್ಲ ಹಾಳು. ದೋಸೆ ಎರಡನೇ ಗಂಟೆಗೆ, ಇಬ್ಬರಿಗೊಂದು. ಕೊನೆಗೆ ಬಿಸಿ ಮೈಸೂರು ಪಾಕ್. ಅದರ ತಟ್ಟೆ ಯಾವ ಅಂಗಡಿಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಮಾತ್ರ ಕೇಳಬೇಡಿ, ನನ್ನ ಅನ್ನ ಅದು.

ಈಗ ತಲೆಗೆ ತಿಂಡಿ, ಬೋಣಿ ಎಲ್ಲ ಸೇರಿ ಇನ್ನೂರಿಪ್ಪತ್ತರ ಆಸುಪಾಸು. ಅರ್ಧ ದುಡ್ಡು ಮುಂಗಡ ಬಾರದೆ ಹೆಸರು ಬರೆದುಕೊಳ್ಳುವುದಿಲ್ಲ. ಗುಂಪಿಗೆ ಎಂಟು ಜನ. ಮಳೆಗಾಲದಲ್ಲಿ ಆರೇ ಸಾಕು, ಹೂವಿನ ಸಾಲಿನ ನೆಲ ಜಾರುತ್ತದೆ.