1956ರ ಒಂದು ಶನಿವಾರವನ್ನು ಮನೆಯ ರೇಡಿಯೋದಲ್ಲಿ ಮತ್ತೆ ಕೇಳುವುದು ಹೀಗೆ

ಅವ್ವನಿಗೆ ಎಂಬತ್ತೈದು ತುಂಬಿದಾಗ "ಸೀರೀನೂ ಬ್ಯಾಡ, ಕೇಕೂ ಬ್ಯಾಡ" ಅಂದಳು. ಅದಕ್ಕೆ ಧಾರವಾಡದ ನಮ್ಮ ಮನೆಯಲ್ಲಿ ಅವಳು ಹುಡುಗಿಯಾಗಿದ್ದಾಗಿನ ಒಂದು ರೇಡಿಯೋ ದಿನವನ್ನೇ ಕಟ್ಟಿಕೊಟ್ಟೆವು. ನಿಮ್ಮ ಮನೆಯ ಹಿರಿಯರಿಗೂ ಮಾಡಬೇಕೆನ್ನಿಸಿದರೆ, ನಾನು ಎಡವಿದ ಕಡೆ ನೀವು ಎಡವಬೇಡಿ.

ಮೊದಲು ತಾರೀಖು ಗೊತ್ತುಮಾಡಿ. "ಹಳೇ ಕಾಲದ ರೇಡಿಯೋ" ಅಂತ ಹೊರಟರೆ ಎಲ್ಲವೂ ಕಲಸುಮೇಲೋಗರ. ನನ್ನ ಮೊದಲ ಪಟ್ಟಿಯಲ್ಲಿ ವಿವಿಧ ಭಾರತಿ, ಬಿನಾಕಾ ಗೀತ್‌ಮಾಲಾ, ಆಕಾಶವಾಣಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಮೂರೂ ಇದ್ದವು. ವಿವಿಧ ಭಾರತಿ ಶುರುವಾದದ್ದೇ 1957ರ ಅಕ್ಟೋಬರ್ 3ರಂದು. ಗೀತ್‌ಮಾಲಾ ಬುಧವಾರ ರಾತ್ರಿಯ ಹಿಂದಿ ಸಿನಿಮಾ ಹಾಡುಗಳದು, ಅದೂ ಶ್ರೀಲಂಕಾದ ರೇಡಿಯೋ ಸಿಲೋನ್‌ನಿಂದ. ರಾಷ್ಟ್ರೀಯ ಕಾರ್ಯಕ್ರಮ ಶನಿವಾರ ರಾತ್ರಿಯದು. ಮೂರನ್ನೂ ಒಂದೇ ದಿನ ಕೇಳಿದವರು ಯಾರೂ ಇಲ್ಲ. ನಾವು ಆರಿಸಿದ್ದು 1956ರ ನವೆಂಬರ್ 3, ಶನಿವಾರ. ಧಾರವಾಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿ ಎರಡೇ ದಿನ.

ಆಮೇಲೆ ಪೆಟ್ಟಿಗೆ. ಅಟ್ಟದ ಮೇಲಿನ, ಗಾಜಿನ ವಾಲ್ವ್ ಇರುವ ಹಳೇ ರೇಡಿಯೋ ಸೆಟ್ಟನ್ನು ಇಳಿಸಿದ ಕೂಡಲೇ ಪ್ಲಗ್ ಚುಚ್ಚಬೇಡಿ. ದಶಕಗಟ್ಟಲೆ ಸುಮ್ಮನಿದ್ದ ಕೆಪಾಸಿಟರ್ ಸಿಡಿದೀತು, ಶಾಕ್ ಹೊಡೆದೀತು. ನಮ್ಮದಕ್ಕೆ ಕರೆಂಟು ಕೊಡಲೇ ಇಲ್ಲ, ಒಳಗೆ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಇಟ್ಟೆವು ಅಷ್ಟೇ. ಗುಂಡಿ ತಿರುಗಿಸಿದ ಮೇಲೆ ಅರ್ಧ ನಿಮಿಷ ಏನೂ ಕೇಳಿಸಬಾರದು. ವಾಲ್ವ್ ಕಾದು ಬಿಸಿಯಾಗಲು ಅಷ್ಟು ಹೊತ್ತು ಬೇಕಿತ್ತು. ಗೋಡೆಯಿಂದ ಗೋಡೆಗೆ ಜಾಲರಿ ಏರಿಯಲ್ ಕಟ್ಟಿ. ಪೋಸ್ಟಾಫೀಸಿನ ಮುದ್ರೆ ಬಿದ್ದ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕರೆ ಪಕ್ಕದಲ್ಲಿಡಿ. ನೋಡಿದ್ದೇ ತಡ, ನಮ್ಮವ್ವ ಲೈಸೆನ್ಸ್ ತಪಾಸಣೆಗೆ ಬರುವವರ ಕಥೆ ಶುರುಮಾಡಿದಳು.

ಬೆಳಗ್ಗೆ ಆಕಾಶವಾಣಿಯ ಸಿಗ್ನೇಚರ್ ಟ್ಯೂನ್‌ನಿಂದ ಆರಂಭಿಸಿ. ಮುಂಬಯಿ ನಿಲಯದಲ್ಲಿ ಕೆಲಸಕ್ಕಿದ್ದ ವಾಲ್ಟರ್ ಕೌಫ್‌ಮನ್ ಕಟ್ಟಿದ ಆ ಧ್ವನಿ ಈಗಲೂ ಸುಲಭವಾಗಿ ಸಿಗುತ್ತದೆ. ನಂತರ ವಂದೇ ಮಾತರಂ. ವಾರ್ತೆಯನ್ನು ಮನೆಯವರೇ ಓದಿ. ಗ್ರಂಥಾಲಯದಲ್ಲಿ ಆ ದಿನದ ಪತ್ರಿಕೆ ಹುಡುಕಿ ಬರೆದುಕೊಂಡರಾಯಿತು. ನಮ್ಮ ವಾರ್ತೆಯಲ್ಲಿ ಹೊಸ ಮುಖ್ಯಮಂತ್ರಿ ನಿಜಲಿಂಗಪ್ಪನವರಿದ್ದರು, ಈಜಿಪ್ಟಿನ ಮೇಲೆ ಬ್ರಿಟನ್, ಫ್ರಾನ್ಸ್‌ಗಳ ಬಾಂಬ್ ದಾಳಿಯಿತ್ತು, ಹಂಗೆರಿಯ ದಂಗೆಯಿತ್ತು. ಓದಿದವನು ನನ್ನ ತಂಗಿಯ ಮಗ, ಪಕ್ಕದ ಕೋಣೆಯಿಂದ. ಅವಸರ ಮಾಡಬೇಡ ಅಂತ ನಾಲ್ಕು ಸಲ ಹೇಳಬೇಕಾಯಿತು.

ಹಾಡು ಆರಿಸುವಾಗ ಹುಷಾರು. ಆಗ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಅದಕ್ಕೇ ಜನ ಶಾರ್ಟ್ ವೇವ್‌ಗೆ ತಿರುಗಿಸಿ ಸಿಲೋನ್ ಹಿಡಿಯುತ್ತಿದ್ದರು. ಹಾರ್ಮೋನಿಯಂ ಕೂಡ ಬೇಡ. 1940ರಿಂದ 1971ರವರೆಗೆ ಅದಕ್ಕೆ ನಿಲಯದ ಬಾಗಿಲು ಮುಚ್ಚಿತ್ತು. ಸಾರಂಗಿ ಸಾಥ್ ಇರುವ ಧ್ವನಿಮುದ್ರಣ ಹುಡುಕಿ, ನಮ್ಮ ಕಡೆಯವರಾದರೆ ಮಲ್ಲಿಕಾರ್ಜುನ ಮನ್ಸೂರರದ್ದು.

ನಾನು ಕೆಟ್ಟದಾಗಿ ಎಡವಿದ್ದು ಇಲ್ಲಿ: ಬೆಳಗಿನಿಂದ ರಾತ್ರಿವರೆಗೆ ಬಿಡುವಿಲ್ಲದಂತೆ ತುಂಬಿಟ್ಟಿದ್ದೆ. ಹತ್ತೂವರೆಗೆ ಅವ್ವ ಸೊಪ್ಪು ಸೋಸುವುದು ನಿಲ್ಲಿಸಿ ಅಂದಳು, "ಈ ಹೊತ್ತಿನ್ಯಾಗ ರೇಡಿಯೋ ಮಾತಾಡತಿದ್ದಿಲ್ಲವಾ. ಅದರ ಬಾಯಿ ಮುಚ್ಚು." ನಿಜ. ಆಗ ಪ್ರಸಾರ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಮೂರು ಹೊತ್ತಿನದು. ನಡುವೆ ರೇಡಿಯೋ ಮೌನ. ದಯವಿಟ್ಟು ಆ ಖಾಲಿ ಗಂಟೆಗಳನ್ನು ಖಾಲಿಯೇ ಬಿಡಿ. ನಾವು ರೇಡಿಯೋ ಬಂದ್ ಮಾಡಿದ ಮೇಲೆಯೇ ಅವಳಿಗೆ ಮಾತು ಬಂದದ್ದು. ರೇಡಿಯೋ ಇದ್ದ ಮನೆ ಯಾವುದು, ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರಿಗೆ ಒಳಗೆ ಬರಲು ಬಿಡುತ್ತಿರಲಿಲ್ಲ, ಎಲ್ಲ ಆಗ ಹೊರಬಂತು. ಕೇಳುವುದಾದರೂ "ಯಾವ ಕಾರ್ಯಕ್ರಮ ಇತ್ತು?" ಅನ್ನಬೇಡಿ. "ವಾರ್ತೆ ಬರುವಾಗ ಒಲೆ ಮೇಲೆ ಏನಿರುತ್ತಿತ್ತು?" ಅನ್ನಿ.

ರಾತ್ರಿ 9ಕ್ಕೆ ಇಂಗ್ಲಿಷ್ ವಾರ್ತೆ, ಒಂಬತ್ತೂವರೆಗೆ ರಾಷ್ಟ್ರೀಯ ಕಾರ್ಯಕ್ರಮ. ಒಬ್ಬರದೇ ದೀರ್ಘ ಕಛೇರಿ ಹಾಕಿ, ಮಧ್ಯೆ ಕತ್ತರಿಸಬೇಡಿ. ಕೇಳುವವರು ತೂಕಡಿಸಿದರೆ ತೂಕಡಿಸಲಿ, ಆಗಲೂ ತೂಕಡಿಸುತ್ತಿದ್ದರು.

ಮುಗಿದ ಮೇಲೆ ಅವ್ವ ಎದ್ದು ಕಸೂತಿ ಬಟ್ಟೆ ಹೊದಿಸುವ ಮುಂಚೆ ಪೆಟ್ಟಿಗೆಯ ಹಿಂದೆ ಕೈ ಇಟ್ಟು ನೋಡಿದಳು. "ಇದು ಕಾದೇ ಇಲ್ಲಲ್ಲ!" ಚಳಿಗಾಲದಲ್ಲಿ ಅವರ ಮನೆಯ ಬೆಕ್ಕು ಅದರ ಮೇಲೆಯೇ ಮಲಗುತ್ತಿತ್ತಂತೆ. ಮುಂದಿನ ಸಲದ ಪಟ್ಟಿಗೆ ಒಂದು ಬಿಸಿನೀರಿನ ಚೀಲ ಸೇರಿಸಿದ್ದೇನೆ.